ತಂಡಕ್ಕೊಬ್ಬ ಆಟಗಾರ, ಮನೆಗೊಬ್ಬ ಅಳಿಯ

ಏಪ್ರಿಲ್ ಬಂತೆಂದರೆ ನಮ್ಮ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ, ಪ್ರತಿ ಸಲವೂ ಅದರ ಮೂಲ ಹುಡುಕಿದರೆ ಎರಡೂ ತುದಿ ಚೂಪಾದ ಆ ಚೆಂಡೇ ಸಿಗುತ್ತದೆ. ಅಮೆರಿಕದವರು ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಕೈಯಲ್ಲೇ ಎಸೆಯುತ್ತಾರೆ, ಆಟಕ್ಕೆ ಮಾತ್ರ ಫುಟ್‌ಬಾಲು ಎನ್ನುತ್ತಾರೆ. ನಾನು ಅದನ್ನು ಒಂದು ದಿನವೂ ಮುಟ್ಟಿದವಳಲ್ಲ. ನಮ್ಮನೆಯವರೂ ಮುಟ್ಟಿದವರಲ್ಲ, ಆದರೆ ಅವರು ಅಭಿಮಾನಿ. ಅಭಿಮಾನಿಗೆ ಚೆಂಡು ಮುಟ್ಟುವ ಅಗತ್ಯವಿಲ್ಲವಂತೆ.

ನಮ್ಮ ತಂಡದ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮೂರ ಕೊಲ್ಲಿಯ ಆಚೆ ದಡದ ಎದುರಾಳಿ ತಂಡದ ಅಭಿಮಾನಿಗಳು ಇಲ್ಲಿಗೇ ಓದುವುದು ನಿಲ್ಲಿಸುತ್ತಾರೆ. ಈಗ ಹೇಳಹೊರಟಿರುವುದು ಡಾಟ್ ಕಾಮ್ ಕಾಲದ ಒಂದು ಏಪ್ರಿಲ್ಲಿನ ಕಥೆ. ನಮ್ಮ ಮೈದುನ ಆಗ ಅಮೆರಿಕದ ಪಶ್ಚಿಮ ತೀರದ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದ. ಯುಗಾದಿಗೆ ಕನ್ನಡ ಕೂಟದ ಊಟದಲ್ಲಿ ಹೋಳಿಗೆ ಬಡಿಸಿದ ಒಬ್ಬ ಹುಡುಗಿಯನ್ನು ನೋಡಿಕೊಂಡು ಬಂದವನು, ಮೂರು ಹೊತ್ತೂ ಅನ್ನ ಕಲಸುತ್ತ ಕೂತುಬಿಡುತ್ತಿದ್ದ. ಆ ಹುಡುಗಿಯೊಂದಿಗೆ ಅವನ ಮದುವೆ ಮಾಡಿಸಲೇಬೇಕು ಎಂದು ನಾನು ಹಟ ತೊಟ್ಟೆ. ನಡುವೆ ಬಂದದ್ದು ಈ ಚೆಂಡು.

ಸೋಫಾದ ಮೇಲಿನ ಪರೀಕ್ಷಕರು

ವಿಷಯ ಇಷ್ಟು. ಆಗೆಲ್ಲ ಪ್ರತಿ ವರ್ಷ ಏಪ್ರಿಲ್ಲಿನ ಒಂದು ಶನಿವಾರ, ಕಾಲೇಜು ಮುಗಿಸುವ ಆಟಗಾರರನ್ನು ದೊಡ್ಡ ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತಿದ್ದವು. ಇದಕ್ಕೆ ಡ್ರಾಫ್ಟು ಅಂತ ಹೆಸರು. ಅದಕ್ಕೆ ಎರಡು ತಿಂಗಳ ಮುಂಚೆಯೇ ಆ ಹುಡುಗರನ್ನು ಓಡಿಸಿ, ಹಾರಿಸಿ, ಎತ್ತರ ತೂಕ ಅಳೆದು, ಕೊನೆಗೆ ಅಂಗೈಯ ಅಗಲವನ್ನೂ ಅಳೆದು ಟಿವಿಯಲ್ಲಿ ತೋರಿಸುತ್ತಾರೆ.

ಆ ವರ್ಷ ನಮ್ಮ ಮಾವನವರು ಹಾಸನದಿಂದ ಬಂದಿದ್ದರು. ಟಿವಿ ಮುಂದೆ ಕೂತು ಇದನ್ನೆಲ್ಲ ಗಮನವಿಟ್ಟು ನೋಡಿ, "ಹಲ್ಲು ನೋಡಲ್ವೇನಪ್ಪ ಇವರು?" ಅಂತ ಕೇಳಿದರು. ದನ ಕೊಳ್ಳುವಾಗ ಅವರು ಮೊದಲು ನೋಡುತ್ತಿದ್ದದ್ದು ಅದನ್ನೇ.

ನಮ್ಮನೆಯವರಿಗೆ ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಸೋಫಾದಲ್ಲಿ ಒರಗಿ, ಚಕ್ಕುಲಿ ಡಬ್ಬಿಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಗಾಳಿಯ ಹಾಗೆ ಓಡಿದ ಒಬ್ಬ ಹುಡುಗನನ್ನು ನಿರಾಕರಿಸುತ್ತಿದ್ದರು. ಅವನ ಕಾಲು ಚುರುಕಿಲ್ಲವಂತೆ. ಇನ್ನೊಬ್ಬನಿಗೆ ಆಟದ ಹಸಿವು ಸಾಲದಂತೆ. ಮೂರನೆಯವನು ಎಲ್ಲ ಸರಿ, ಆದರೆ ಸೋಮಾರಿ ಅನ್ನಿಸುತ್ತದಂತೆ. ಅಷ್ಟು ಹೇಳಿ, ಅಡುಗೆಮನೆಯಲ್ಲಿದ್ದ ನನ್ನನ್ನು ಕರೆದರು. ನಾನು ಕೈ ಒರೆಸಿಕೊಂಡು ಓಡಿಬಂದು ನೋಡಿದರೆ, ಅವರ ಕಾಲ ಹತ್ತಿರವೇ ಬಿದ್ದಿದ್ದ ರಿಮೋಟು ಎತ್ತಿಕೊಡಬೇಕಾಗಿತ್ತು.

ಸೋತವರಿಗೆ ಮೊದಲ ಮಣೆ

ಈ ಡ್ರಾಫ್ಟಿನಲ್ಲಿ ಒಂದು ನಿಯಮವಿದೆ. ಹಿಂದಿನ ವರ್ಷ ಯಾರು ಎಲ್ಲರಿಗಿಂತ ಹೆಚ್ಚು ಸೋತಿದ್ದಾರೋ ಆ ತಂಡಕ್ಕೆ ಮೊದಲ ಆಯ್ಕೆ. ಮಾವನವರಿಗೆ ಇದು ಬಹಳ ಹಿಡಿಸಿತು. ಅಮೆರಿಕದಲ್ಲಿ ತಾವು ಕಂಡ ಧರ್ಮ ಇದೊಂದೇ ಎಂದರು.

ನಮ್ಮ ಮೈದುನನ ಕಂಪನಿ ಎಮರಿವಿಲ್‌ನಲ್ಲಿತ್ತು. ಇಂಟರ್‌ನೆಟ್ಟಿನಲ್ಲಿ ಕಿಟಕಿಯ ಪರದೆ ಮಾರುವ ಕಂಪನಿ. ಅಲ್ಲಿಯವರೆಗೆ ಒಂದು ಪರದೆಯನ್ನೂ ಮಾರಿರಲಿಲ್ಲ, ಆದರೆ ಆಫೀಸಿನಲ್ಲಿ ಜಾರುಬಂಡೆ ಇತ್ತು. ಅದರ ಬಾಸಿಗೂ ಇದೇ ಫುಟ್‌ಬಾಲಿನ ಹುಚ್ಚು. ಹೊಸದಾಗಿ ಸೇರುವ ಇಂಜಿನಿಯರುಗಳನ್ನು ಇನ್ನು ಮುಂದೆ ಡ್ರಾಫ್ಟಿನ ಹಾಗೇ ಹಂಚುತ್ತೇನೆ ಎಂದು ಆತ ಮೀಟಿಂಗಿನಲ್ಲಿ ಘೋಷಿಸಿದ. ಆಫೀಸಿನಲ್ಲಿದ್ದ ಎರಡು ಗುಂಪುಗಳಲ್ಲಿ ಯಾವುದು ಹಿಂದುಳಿದಿದೆಯೋ ಅದಕ್ಕೆ ಮೊದಲ ಆಯ್ಕೆ.

ಮಾರನೆಯ ದಿನದಿಂದ ಎರಡೂ ಗುಂಪು ಕೆಲಸ ನಿಲ್ಲಿಸಿದವು. ಹಿಂದುಳಿಯುವುದರಲ್ಲಿ ಅಂಥ ಪೈಪೋಟಿಯನ್ನು ಯಾರೂ ಕಂಡಿರಲಿಲ್ಲವಂತೆ. ಜಾರುಬಂಡೆಗೆ ಸರದಿ ಸಾಲು ಬಂತು. ಇದು ತಿಳಿಯದೆ ತನ್ನ ಪಾಡಿಗೆ ಕೆಲಸ ಮುಗಿಸಿಬಿಟ್ಟವನು ನಮ್ಮ ಮೈದುನ ಒಬ್ಬನೇ. ಅವನಿಂದಾಗಿ ಅವನ ಗುಂಪು ಮುಂದೆ ಬಂದುಬಿಟ್ಟಿತು, ಮೊದಲ ಆಯ್ಕೆ ಕೈತಪ್ಪಿತು. ಗುಂಪಿನವರು ಸಿಟ್ಟಿಗೆದ್ದು, ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಹಾಗೇ, ಅವನನ್ನು ಎದುರು ಗುಂಪಿಗೆ ಕೊಟ್ಟು, ಬದಲಿಗೆ ಅವರ ಕಾಫಿ ಮಷೀನು ತೆಗೆದುಕೊಂಡರು.

ಮನೆಗೆ ಬಂದವನ ಮುಖ ಇಷ್ಟಾಗಿತ್ತು. ನಮ್ಮನೆಯವರು ಸಮಾಧಾನ ಮಾಡಿದ ರೀತಿಯೂ ಚೆನ್ನಾಗಿತ್ತು. ಅದು ಮಾಮೂಲಿ ಮಷೀನೋ, ಹಾಲು ನೊರೆ ಬರಿಸುವ ಮಷೀನೋ ಅಂತ ಕೇಳಿದರು.

ಮೊಣಕಾಲು ಹೇಗಿದೆ?

ನಾನು ಅತ್ತ ಅವರಿವರನ್ನು ವಿಚಾರಿಸಿ ಹುಡುಗಿಯ ಮನೆ ಪತ್ತೆ ಮಾಡಿದ್ದೆ. ಮೂಲ ಮೈಸೂರಿನವರು, ಹುಡುಗಿಯ ಓದಿಗಾಗಿ ಕ್ಯುಪರ್ಟಿನೋಗೆ ಬಂದು ನೆಲೆಸಿದವರು. ಹುಡುಗಿ ಕಾರ್ಟೂನ್ ಸಿನಿಮಾ ಮಾಡುವ ಕಡೆ ಚಿತ್ರ ಬರೆಯುತ್ತಾಳೆ. ತಂದೆಗೆ ನಮ್ಮ ತಂಡವೆಂದರೆ ಪ್ರಾಣ, ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲದಷ್ಟು ಬಾವುಟ, ಟೋಪಿ. ಇದನ್ನು ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದೇ ತಂಡದವರು, ಮಾತು ಬೇಗ ಕುದುರುತ್ತದೆ ಅಂದುಕೊಂಡೆ.

ನಮ್ಮನೆಯವರ ಕೈಗೆ ಫೋನು ಕೊಟ್ಟೆ. ತಮ್ಮನ ಓದು, ನಡತೆ, ಗುಣ ಎಲ್ಲ ಹೇಳಿ ಅಂತ ಮುಂಚೆಯೇ ಪಾಠ ಮಾಡಿದ್ದೆ. ಆದರೆ ಎರಡು ತಿಂಗಳಿಂದ ಆಟಗಾರರನ್ನು ಅಳೆದೂ ಅಳೆದೂ ಅವರ ನಾಲಿಗೆಗೆ ಬೇರೆ ಭಾಷೆ ಮರೆತುಹೋಗಿತ್ತು.

"ಹುಡುಗ ಇನ್ನೂ ಪಕ್ವ ಆಗಿಲ್ಲ ಸರ್. ಆದರೆ ಮುಂದೆ ಬೆಳೆಯೋ ಚಾನ್ಸ್ ಜಾಸ್ತಿ. ಒತ್ತಡ ಬಂದ್ರೆ ಸ್ವಲ್ಪ ತಡವರಿಸ್ತಾನೆ, ಒಳ್ಳೆ ಕೋಚ್ ಸಿಕ್ಕಿದ್ರೆ ಸರಿಹೋಗ್ತಾನೆ" ಎಂದರು.

ನಾನು ಹಣೆ ಚಚ್ಚಿಕೊಂಡು ಪಕ್ಕದ ರೂಮಿನ ಫೋನೆತ್ತಿ ಕಿವಿಗಿಟ್ಟೆ. ಹುಡುಗಿಯ ತಂದೆಗೆ ಇದರಲ್ಲಿ ಯಾವ ವಿಚಿತ್ರವೂ ಕಂಡಂತಿರಲಿಲ್ಲ. ಗಾಯಗೀಯ ಏನಾದರೂ ಆಗಿದೆಯಾ, ಮೊಣಕಾಲು ಹೇಗಿದೆ ಅಂತ ವಿಚಾರಿಸುತ್ತಿದ್ದರು. ಮೊಣಕಾಲು ಗಟ್ಟಿಯಿದೆ ಅಂತ ಇವರು ಭರವಸೆ ಕೊಟ್ಟರು. ಆಫೀಸಿನಲ್ಲಿ ಬೆಲೆ ಹೇಗೆ ಅಂತ ಅವರು ಕೇಳಿದ್ದಕ್ಕೆ, ನಮ್ಮನೆಯವರು ಎದೆಯುಬ್ಬಿಸಿ, ಮೊನ್ನೆ ತಾನೇ ಅವನನ್ನು ಕೊಟ್ಟು ಒಂದು ಕಾಫಿ ಮಷೀನು ಪಡೆದಿದ್ದಾರೆ ಎಂದರು.

ಕೆಟ್ಟಿತು ಕೆಲಸ ಅಂದುಕೊಂಡೆ. ಆ ಕಡೆಯಿಂದ ಅವರು, "ಒಬ್ಬನಿಗೇ ಒಂದು ಇಡೀ ಮಷೀನಾ? ಶನಿವಾರ ಕರ್ಕೊಂಡ್ ಬನ್ನಿ" ಎಂದರು.

ರಾಹುವಿನ ಗಡಿಯಾರ

ಶನಿವಾರ ಎಂದರೆ ಡ್ರಾಫ್ಟಿನ ಶನಿವಾರವೇ. ಹುಡುಗಿಯನ್ನೂ ನೋಡಬಹುದು, ಡ್ರಾಫ್ಟನ್ನೂ ನೋಡಬಹುದು ಎಂದು ಗಂಡಸರು ಗಂಡಸರೇ ನಿಶ್ಚಯಿಸಿದ್ದರು. ಡ್ರಾಫ್ಟು ನಮ್ಮ ಕಡೆ ಬೆಳಿಗ್ಗೆ ಒಂಬತ್ತಕ್ಕೆ ಶುರು.

ಮಾವನವರು ಪಂಚಾಂಗ ತೆಗೆದು ಬಾಂಬು ಹಾಕಿದರು. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಹುಡುಗಿ ನೋಡುವುದಿರಲಿ, ಆಟಗಾರನನ್ನು ಆರಿಸುವುದಕ್ಕೂ ಅದು ಹೊತ್ತಲ್ಲ. ನಿಮ್ಮ ತಂಡ ಯಾಕೆ ಉದ್ಧಾರ ಆಗಿಲ್ಲ ಅಂತ ಈಗ ಗೊತ್ತಾಯಿತು ಎಂದರು. ನಮ್ಮನೆಯವರ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ಕೋಚುಗಳನ್ನು ಸುಮ್ಮನೆ ಬೈದಿದ್ದಕ್ಕೆ ಅವರಿಗೆ ನಿಜವಾಗಿ ಬೇಜಾರಾಯಿತು.

ಮೈದುನ ಒಂದು ದಾರಿ ಹುಡುಕಿದ. ಅಮೆರಿಕದಲ್ಲಿ ಏಪ್ರಿಲ್ಲಿಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆದ್ದರಿಂದ ಒಂಬತ್ತು ಅಂದರೆ ನಿಜವಾಗಿ ಎಂಟು ಎಂದ. ಮಾವನವರು, "ಗಡಿಯಾರ ಮುಂದಿಟ್ಟಿದ್ದು ನೀವು. ರಾಹು ಇಟ್ಕೊಂಡಿದಾನೋ ಇಲ್ವೋ ಯಾರಿಗ್ ಗೊತ್ತು?" ಎಂದರು. ಈ ಪ್ರಶ್ನೆ ಕ್ಯುಪರ್ಟಿನೋಗೂ ಹೋಯಿತು. ಅಲ್ಲಿ ಹುಡುಗಿಯ ತಂದೆ ನಿದ್ದೆಗೆಟ್ಟು ದೇವಸ್ಥಾನದ ಪುರೋಹಿತರಿಗೆ ಫೋನು ಮಾಡಿದರು.

ಪುರೋಹಿತರು ಕೇಳಿದ್ದು ಒಂದೇ ಪ್ರಶ್ನೆ, ಆಟಗಾರರನ್ನು ಆರಿಸುವುದು ಯಾವ ಊರಲ್ಲಿ ಅಂತ. ನ್ಯೂಯಾರ್ಕಿನಲ್ಲಿ ಎಂದು ತಿಳಿದಾಗ, ನಮಗೆ ಒಂಬತ್ತಾದಾಗ ಅಲ್ಲಿ ಮಧ್ಯಾಹ್ನ ಹನ್ನೆರಡು, ಅಲ್ಲಿಯ ರಾಹುಕಾಲ ಮುಗಿದೇ ಹೋಗಿರುತ್ತದೆ, ತಂಡಕ್ಕೆ ದೋಷವಿಲ್ಲ ಎಂದು ತೀರ್ಪು ಕೊಟ್ಟರು. ಗಂಡಸರೆಲ್ಲ ನಿಟ್ಟುಸಿರು ಬಿಟ್ಟರು. ಹುಡುಗಿ ಇರುವುದು ಕ್ಯುಪರ್ಟಿನೋದಲ್ಲಲ್ಲವಾ ಅಂತ ನಾನು ಕೇಳಿದೆ. ಆ ವಿಷಯ ಪುರೋಹಿತರಿಗೆ ಹೇಳಲು ಯಾರಿಗೂ ನೆನಪಾಗಿರಲಿಲ್ಲ.

ಕೊನೆಗೆ ರಾಹುಕಾಲಕ್ಕೆ ಮುಂಚೆಯೇ ಹೋಗಿ ಕೂರುವುದೆಂದಾಯಿತು. ಫ್ರೀವೇ ಖಾಲಿಯಿದ್ದು ಎಂಟು ಗಂಟೆಗೇ ತಲುಪಿಬಿಟ್ಟೆವು. ಬಾಗಿಲು ತೆಗೆದವಳು ಹುಡುಗಿಯೇ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು. ಮಾವನವರು ತೃಪ್ತಿಯಿಂದ ತಲೆಯಾಡಿಸಿ, ಹಲ್ಲು ಚೆನ್ನಾಗಿದೆ ಅಂತ ನನ್ನ ಕಿವಿಯಲ್ಲಿ ಹೇಳಿದರು.

ಗೋಡೆಯೋ, ಎಸೆಗಾರನೋ

ಉಪ್ಪಿಟ್ಟು, ಕೇಸರಿಬಾತು ಬಂತು. ಹುಡುಗಿಯೂ ತಯಾರಾಗಿ ಬಂದು ಕೂತಳು. ಆದರೆ ಅವಳನ್ನು ನೋಡುತ್ತಿದ್ದವರು ನಾನು ಮತ್ತು ಮಾವನವರು ಇಬ್ಬರೇ. ಮೈದುನ ನಡುನಡುವೆ ಕದ್ದು ನೋಡಿ ಕೆಂಪಾಗುತ್ತಿದ್ದ. ಮಿಕ್ಕವರ ಕಣ್ಣೆಲ್ಲ ಟಿವಿಯ ಮೇಲೆ.

ಕಾರಿನಲ್ಲಿ ಬರುವಾಗಲೇ ನಾನು ಮೈದುನನಿಗೆ ಹೇಳಿದ್ದೆ. ಹುಡುಗಿಯ ತಂದೆ ಯಾವ ಆಟಗಾರನನ್ನು ಹೊಗಳುತ್ತಾರೋ ನೀನೂ ಅವನನ್ನೇ ಹೊಗಳು, ಅಷ್ಟು ಮಾಡಿದರೆ ಸಾಕು. ಆಗಲಿ ಅತ್ತಿಗೆ ಎಂದಿದ್ದ.

ನಮ್ಮ ತಂಡದ ಸರದಿ ಹತ್ತಿರ ಬಂತು. ಉಳಿದಿದ್ದವರಲ್ಲಿ ಒಳ್ಳೆಯವರು ಇಬ್ಬರು. ಒಬ್ಬ ಚೆಂಡು ಎಸೆಯುವವನು, ಎಲ್ಲರಿಗೂ ಹೆಸರು ಗೊತ್ತಿರುವಂಥವನು. ಇನ್ನೊಬ್ಬ ಅಂಥವನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ದಢೂತಿ. ಹುಡುಗಿಯ ತಂದೆ ದಢೂತಿಯ ಪರ. ಗೋಡೆ ಇಲ್ಲದೆ ಮನೆ ಹೇಗೆ ನಿಲ್ಲುತ್ತದೆ ಅಂತ ಅವರ ವಾದ. ನಾನು ಮೈದುನನ ಕಡೆ ಕಣ್ಣುಸನ್ನೆ ಮಾಡಿದೆ. ಅವನು ಗಂಟಲು ಸರಿಮಾಡಿಕೊಂಡು, "ಇಲ್ಲ ಅಂಕಲ್, ಗೋಡೆ ಎಷ್ಟೇ ಇದ್ರೂ ಒಳಗೆ ವಾಸ ಮಾಡೋಕೆ ಒಬ್ಬ ಬೇಕಲ್ವಾ? ಎಸೆಯೋನನ್ನೇ ತಗೋಬೇಕು" ಎಂದುಬಿಟ್ಟ.

ಅಲ್ಲಿಂದ ಮುಂದೆ ನಡೆದದ್ದನ್ನು ಸಭ್ಯವಾಗಿ ಹೇಳುವುದು ಕಷ್ಟ. ಇಬ್ಬರೂ ಎದ್ದು ನಿಂತರು. ಸಕ್ಕರೆ ಡಬ್ಬಿ, ಉಪ್ಪಿಟ್ಟಿನ ತಟ್ಟೆ, ನೀರಿನ ಲೋಟಗಳೆಲ್ಲ ಟೀಪಾಯಿಯ ಮೇಲೆ ಆಟಗಾರರಾಗಿ ಸಾಲು ನಿಂತವು. ನಮ್ಮನೆಯವರು ತಮ್ಮನ ಸಹಾಯಕ್ಕೆ ಹೋಗುತ್ತಾರೆ ಅಂದುಕೊಂಡರೆ, ಅವರೂ ದಢೂತಿಯ ಪಕ್ಷ ಸೇರಿ ತಮ್ಮನ ಮೇಲೆಯೇ ಏರಿಹೋದರು. ಮದುವೆ ಮಾತಾಡಲು ಬಂದಿದ್ದೇವೆ ಎಂಬುದು ಅವರಿಗೆ ಪೂರ್ತಿ ಮರೆತೇ ಹೋಗಿತ್ತು. ಕೊನೆಗೆ ಹುಡುಗಿಯ ತಂದೆ ಬೆವರೊರೆಸಿಕೊಂಡು ಕೂತು ಹೇಳಿದರು: "ಇಷ್ಟು ಸಣ್ಣ ವಿಷಯದಲ್ಲೇ ವಿವೇಚನೆ ಇಲ್ಲದ ಹುಡುಗನಿಗೆ ನಾನು ಮಗಳನ್ನ ಕೊಡೋದಿಲ್ಲ."

ಮೈದುನ ಕೈಯಲ್ಲಿದ್ದ ಸಕ್ಕರೆ ಡಬ್ಬಿಯನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟ. ಆಗಲೇ ಟಿವಿಯಲ್ಲಿ ಸುದ್ದಿ ಬಂತು. ನಮ್ಮ ತಂಡ ತನ್ನ ಸರದಿಯನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟಿತ್ತು. ಗೋಡೆಯೂ ಇಲ್ಲ, ಎಸೆಗಾರನೂ ಇಲ್ಲ. ಸದ್ಯಕ್ಕೆ ಯಾರೂ ಬೇಡವಂತೆ.

ಅಮ್ಮನ ನೆನಪಿನ ಶಕ್ತಿ

ನಾವು ಎದ್ದು ಚಪ್ಪಲಿ ಹುಡುಕತೊಡಗಿದೆವು. ಅಷ್ಟು ಹೊತ್ತೂ ಬಡಿಸುತ್ತಲೇ ಇದ್ದ ಹುಡುಗಿಯ ತಾಯಿ, ಕೇಸರಿಬಾತಿನ ಪಾತ್ರೆ ಕೆಳಗಿಟ್ಟು, ನಮ್ಮನ್ನು ಕೂರಲು ಹೇಳಿದರು. ಆಮೇಲೆ ಗಂಡನನ್ನು ಕೇಳಿದರು.

"ನೀವು ಈ ಹುಡುಗನ್ನ ಬೇಡ ಅಂದ್ರಿ ತಾನೆ? ಖಂಡಿತ ಬೇಡವಾ?"

"ಖಂಡಿತ ಬೇಡ" ಎಂದರು ಅವರು.

ಆಕೆ ನನ್ನ ಕಡೆ ತಿರುಗಿ, ಈ ಮನೆಗೆ ಬಂದಾಗಿನಿಂದ ತಾನು ಪ್ರತಿ ಏಪ್ರಿಲ್ಲಿನಲ್ಲೂ ಇವರಿಗೆ ಉಪ್ಪಿಟ್ಟು ಮಾಡಿಕೊಡುತ್ತಿದ್ದೇನೆ ಎಂದು ಶುರುಮಾಡಿದರು. ಇವರು ಬೇಕೇ ಬೇಕು ಎಂದ ಆಟಗಾರರೆಲ್ಲ ಎರಡು ವರ್ಷದಲ್ಲಿ ಗಂಟುಮೂಟೆ ಕಟ್ಟಿದ್ದಾರೆ. ಇವರು ದಂಡಪಿಂಡ ಎಂದು ಬೈದವರೆಲ್ಲ ಟ್ರೋಫಿ ಎತ್ತಿದ್ದಾರೆ. ಷೇರಿನ ವಿಷಯವೂ ಅಷ್ಟೇ. ಮಗಳಿಗೆ ಇವರು ಮೆಚ್ಚಿದ ಮೊದಲ ಗಂಡಿಗೆ ಆಗಲೇ ಬೇರೆ ಕಡೆ ನಿಶ್ಚಿತಾರ್ಥವಾಗಿತ್ತು. ಎರಡನೆಯವನಿಗೆ ಮದುವೆಯೇ ಆಗಿತ್ತು.

ಹುಡುಗಿಯ ತಂದೆ ಟಿವಿಯ ಸದ್ದು ಸ್ವಲ್ಪ ಜಾಸ್ತಿ ಮಾಡಿದರು.

"ಸಾರಾಸಗಟು ಬೇಡ ಅಂದಿದ್ದು ಇವನನ್ನೇ ಮೊದಲು" ಎಂದು ಆಕೆ ಮಗಳ ಮುಖ ನೋಡಿದರು. "ಏನಂತೀಯ?"

ಹುಡುಗಿ ಮೈದುನನನ್ನು ಕಾಲಿಂದ ತಲೆಯವರೆಗೆ ಒಂದು ಸಲ ನಿಧಾನವಾಗಿ ನೋಡಿದಳು. ಯುಗಾದಿ ಊಟದಲ್ಲಿ ಹೋಳಿಗೆ ಬೇಡ ಬೇಡ ಎನ್ನುತ್ತ ನಾಲ್ಕು ಸಲ ಹಾಕಿಸಿಕೊಂಡವರು ಇವರೇ ತಾನೆ, ನನಗೆ ಆವತ್ತೇ ನಗು ಬಂದಿತ್ತು ಎಂದಳು. ಆಮೇಲೆ, "ಡ್ಯಾಡ್ ನೋ ಅಂದಿದಾರೆ. ದಟ್ಸ್ ಅ ವೆರಿ ಗುಡ್ ಸೈನ್. ನನಗೆ ಒಪ್ಪಿಗೆ, ಅಮ್ಮ" ಎಂದಳು.

ಮೈದುನ ಕೂತಲ್ಲೇ ನೀರಾದ. ನನಗೆ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಮಾವನವರು ಗಡಿಯಾರ ನೋಡಿ, ರಾಹುಕಾಲ ಮುಗಿಯುವವರೆಗೆ ಯಾರೂ ಹೂಂ ಅನ್ನಬೇಡಿ ಎಂದು ಗದರಿದರು.

ಇದನ್ನೆಲ್ಲ ನೋಡಿ ಹುಡುಗಿಯ ತಂದೆಯ ಮನಸ್ಸೂ ಕರಗಿತು. ಎಷ್ಟಾದರೂ ಒಬ್ಬಳೇ ಮಗಳು. ಎದ್ದು ಬಂದು ಮೈದುನನ ಹೆಗಲ ಮೇಲೆ ಕೈ ಹಾಕಿ, ಹೋಗಲಿ ಬಿಡಪ್ಪ, ಯೋಚನೆ ಮಾಡಿದರೆ ನನಗೂ ನೀನು ಒಪ್ಪಿ... ಎನ್ನುವಷ್ಟರಲ್ಲಿ ತಾಯಿ ಮಗಳು ಇಬ್ಬರೂ ಒಟ್ಟಿಗೆ ಹಾರಿಬಂದು ಅವರ ಬಾಯಿ ಮುಚ್ಚಿದರು.

ಮದುವೆ ಸಾಂಗವಾಗಿ ನಡೆಯಿತು. ಧಾರೆ ಎರೆಯುವ ದಿನ ಬೀಗರು ರೇಷ್ಮೆ ಪಂಚೆ ಉಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು, ಬಂದವರಿಗೆಲ್ಲ ಕೈ ಮುಗಿದು, ಈ ಹುಡುಗ ನನಗೆ ಚೂರೂ ಒಪ್ಪಿಗೆ ಇಲ್ಲ ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಮಗಳೆಂದರೆ ಅವರಿಗೆ ಅಷ್ಟು ಪ್ರೀತಿ.