ಒಂದು ಹಿಡಿ ಕಡಲೆಬೀಜ

ಬೆಳಗ್ಗೆ ಸೊಸೆ ಅಡುಗೆಮನೆಯ ಕಪಾಟು ತೆರೆದಾಗ ಕಡಲೆಬೀಜದ ಡಬ್ಬಿ ಇರಲಿಲ್ಲ.

"ಹುಡುಕಬೇಡ, ಮಹಡಿ ಮೇಲಿನವರಿಗೆ ಕೊಟ್ಟುಬಿಟ್ಟೆ," ಎಂದರು ಅತ್ತೆ, ಕಳ್ಳನನ್ನು ಪೊಲೀಸರಿಗೆ ಒಪ್ಪಿಸಿ ಬಂದವರ ನೆಮ್ಮದಿಯಲ್ಲಿ. "ಬಸುರಿ ತಿಂದ್ರೆ ಹುಟ್ಟೋ ಮಗೂಗೆ ಅಲರ್ಜಿ ಬರುತ್ತಂತೆ. ಅವರೇ ಹೇಳಿದ್ದು."

"ಅವರೇ ಹೇಳಿ ಅವರೇ ಇಸ್ಕೊಂಡ್ರಾ?"

ಮೊದಲು ಅವಳಿಗೆ ಕಡಲೆಬೀಜದ ಮೇಲೆ ಅಂಥ ವ್ಯಾಮೋಹವೇನೂ ಇರಲಿಲ್ಲ. ಹೊಟ್ಟೆ ಮುಂದಕ್ಕೆ ಬಂದ ಮೇಲೆ ಮಾತ್ರ, ದೂರದೂರಿಗೆ ಹೋದ ಗಂಡನನ್ನು ನೆನೆಯುವ ಹಾಗೆ ಅದನ್ನು ನೆನೆಯತೊಡಗಿದ್ದಳು. ಗಂಡ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದರೂ ಕನಸಿಗೆ ಬರುತ್ತಿದ್ದದ್ದು ಕಡಲೆಬೀಜವೇ. ಬಿಸಿಬಿಸಿ, ಕೆಂಪು ಸಿಪ್ಪೆಯದು, ಹಲ್ಲಿಗೆ ಸಿಕ್ಕೊಡನೆ ಕಟುಂ ಎನ್ನುವಂಥದ್ದು.

ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಿರಾಕಿಗಳ ಒಂದು ಕಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರ ಓದಿಸಬೇಕು. ಅಂದು ಜೊತೆಯ ಹುಡುಗಿ ಡ್ರಾಯರಿನಲ್ಲಿ ಕಡಲೆಬೀಜ ಇಟ್ಟುಕೊಂಡು ಒಂದೊಂದೇ ಬಾಯಿಗೆ ಎಸೆದುಕೊಳ್ಳುತ್ತಿದ್ದಳು. ಸೊಸೆ ಒಬ್ಬ ಮುದುಕನನ್ನು ಅಕ್ಷರದ ಮುಂದೆ ಕೂರಿಸಿ, ಅವನ ಬೆನ್ನ ಹಿಂದೆ ಮೆಲ್ಲಗೆ ಡ್ರಾಯರಿಗೆ ಕೈ ಹಾಕಿದಳು. ಎಲ್ಲಕ್ಕಿಂತ ದೊಡ್ಡ ಅಕ್ಷರವೂ ಕಾಣದೆ ತಡವರಿಸುತ್ತಿದ್ದ ಮುದುಕ ಗಕ್ಕನೆ ತಿರುಗಿದ.

"ಏನಮ್ಮಾ, ಕೈಯಲ್ಲಿರೋದು ಕಡಲೆಬೀಜ ತಾನೇ? ಈ ಸ್ಥಿತೀಲಿ ಅದನ್ನ ಮುಟ್ಟಬಾರದು!"

ಅಷ್ಟು ಸಾಕಾಯಿತು. ಜೊತೆಯ ಹುಡುಗಿ ಡ್ರಾಯರಿಗೆ ಬೀಗ ಜಡಿದಳು. ಮಾಲೀಕರು ಮೊಟ್ಟೆಯೂ ಬೇಡವೆಂದರು. ಫ್ರೇಮು ರಿಪೇರಿಗೆ ಬಂದ ಹೆಂಗಸು ಹಾಲು, ಮೀನು, ಗೋಧಿ ಸೇರಿಸಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ಪಾಲಿಗೆ ಉಳಿದದ್ದು ಗಾಳಿಯೊಂದೇ. ಆ ಗಾಳಿಯಲ್ಲೂ ಎದುರಿನ ಗಾಡಿಯವನು ಬೀಜ ಹುರಿಯುವ ವಾಸನೆ. ಅವಳು ಬಾಗಿಲಿಗೆ ಬಂದು ಮೂಗರಳಿಸಿದಳು. ಮಾಲೀಕರು ಬಾಗಿಲು ಮುಚ್ಚಿದರು.

ಸಂಜೆ ತಪಾಸಣೆಯಿತ್ತು. ಡಾಕ್ಟರಮ್ಮನ ಮುಂದೆ ಕೂತವಳೇ ಎಲ್ಲ ಹೇಳಿಕೊಂಡು ಅತ್ತುಬಿಟ್ಟಳು.

"ಕಡಲೆಬೀಜ ತಿಂದ್ರೆ ನಿಮಗೇನಾದ್ರೂ ಆಗುತ್ತಾ?" ಕೇಳಿದರು ಡಾಕ್ಟರಮ್ಮ.

"ಸಂತೋಷ ಆಗುತ್ತೆ."

"ಹಾಗಾದ್ರೆ ತಿನ್ನಿ. ನಿಮಗೇ ಅಲರ್ಜಿ ಇದ್ರೆ ಮಾತು ಬೇರೆ. ಮಗೂಗೆ ಬರುತ್ತೆ ಅಂತ ತಾಯಿ ಬಿಡಬೇಕಾಗಿಲ್ಲ. ಹಾಲು, ಮೊಟ್ಟೆ, ಮೀನು ಎಲ್ಲಾ ತಿನ್ನಿ."

"ಇದನ್ನೇ ನಮ್ಮತ್ತೆಗೆ ಒಂದ್ಸಲ ಹೇಳ್ತೀರಾ?" ಎಂದು ಫೋನು ಮುಂದೆ ಹಿಡಿದಳು. ಡಾಕ್ಟರಮ್ಮ ಹೇಳಿದರು. ಅತ್ತೆ ಆ ಕಡೆಯಿಂದ ಹೂಂ, ಹೂಂ ಎಂದು, ಕೊನೆಗೆ "ಡಾಕ್ಟರೇ ಹೇಳಿದ ಮೇಲೆ ನಂದೇನಿದೆ?" ಎಂದು ಸೋತರು.

ಗಾಡಿಯವನಿಂದ ಬಿಸಿ ಪೊಟ್ಟಣ ಕೊಂಡಳು. ದಾರಿಯಲ್ಲಿ ಒಂದನ್ನೂ ಬಾಯಿಗೆ ಹಾಕಲಿಲ್ಲ. ಇಷ್ಟು ಕಾದದ್ದನ್ನು ನಡೆಯುತ್ತಾ ತಿಂದು ಮುಗಿಸುವುದೇ? ಮನೆಯ ಕಿಟಕಿ ಪಕ್ಕ ಕೂತು, ಕಾಲು ಚಾಚಿ, ಯಾರ ಹಂಗೂ ಇಲ್ಲದೆ ತಿನ್ನಬೇಕು. ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ನಡೆದಳು.

ಮನೆ ಬಾಗಿಲಲ್ಲಿ ಪೆಟ್ಟಿಗೆಗಳ ರಾಶಿ. ನಾದಿನಿ ಪುಟ್ಟ ಮಗಳೊಂದಿಗೆ ಬಂದಿಳಿದಿದ್ದಳು. ಇದೇ ಊರಿಗೆ ವರ್ಗವಾಗಿದೆಯಂತೆ, ಬಾಡಿಗೆ ಮನೆ ಸಿಗುವ ತನಕ ಇಲ್ಲೇ.

"ಅತ್ತೇ!" ಎಂದು ಮಗು ಸೊಸೆಯತ್ತ ಓಡಿಬಂತು.

"ನಿಲ್ಲೇ!" ನಾದಿನಿ ಚೀರಿದಳು. "ಅತ್ತಿಗೆ, ಅದು ಕಡಲೆಬೀಜಾನಾ? ಹೋದ ವಾರ ಒಂದೇ ಒಂದು ತಿಂದು ಇವಳ ಮುಖ ಊದಿ ಉಸಿರೇ ಕಟ್ಟಿಹೋಗಿತ್ತು. ಆಸ್ಪತ್ರೇಲಿದ್ವಿ. ಮನೇಲಿ ಒಂದು ಕಾಳೂ ಇರಬಾರದು ಅಂದಿದ್ದಾರೆ."

ಅತ್ತೆಗೆ ಮತ್ತೆ ಜೀವ ಬಂತು. ಮಗಳತ್ತ ತಿರುಗಿದರು. "ನೋಡಿದ್ಯಾ? ಬಸುರೀಲಿ ನೀನು ಬಾಯಿ ಕಟ್ಟಲಿಲ್ಲ ಅನ್ಸುತ್ತೆ!"

"ನಾನಾ? ಪಿತ್ತ ಆಗುತ್ತೆ ಅಂತ ಒಂಬತ್ತು ತಿಂಗಳೂ ಒಂದು ಬೀಜ ಮುಟ್ಟೋಕೆ ಬಿಟ್ಯೇನಮ್ಮಾ ನೀನು?"

ಅತ್ತೆ ನೀರು ತರುತ್ತೇನೆಂದು ಒಳಗೆ ಹೋದರು.

ಸೊಸೆ ಪೊಟ್ಟಣವನ್ನು, ಪೆಟ್ಟಿಗೆ ಒಳಗಿಡುತ್ತಿದ್ದ ಗಂಡನ ಕೈಗಿತ್ತು, "ಆಚೆ ತಗೊಂಡ್ಹೋಗಿ," ಎಂದಳು. ಸೋಪು ಹಾಕಿ ಕೈ ತೊಳೆದಳು, ಸೀರೆ ಬದಲಿಸಿದಳು. ಮಗು ಮಡಿಲಿಗೆ ಬಂದು ಹೊಟ್ಟೆಗೆ ಕಿವಿಯಿಟ್ಟಿತು.

"ಪಾಪು ಏನೋ ಹೇಳ್ತಿದೆ ಅತ್ತೆ."

"ಗೊತ್ತು ಪುಟ್ಟಿ," ಎಂದು ಅದರ ಕೆನ್ನೆ ಸವರಿದಳು. ಊತ ಇಳಿದ ಕೆನ್ನೆ ಹೂವಿನಷ್ಟು ಮೆತ್ತಗಿತ್ತು. ಇದರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಗಂಡ ಬರಿಗೈಯಲ್ಲಿ ವಾಪಸು ಬಂದ. ತಂಗಿಯ ಅಪ್ಪಣೆಯಂತೆ ಕೈ ತೊಳೆದು, ಬಾಯಿ ಮುಕ್ಕಳಿಸಿದ.

"ಹೇಗಿತ್ತು?" ಅವಳು ಪಿಸುಗುಟ್ಟಿದಳು.

"ಎಸೆಯೋಕೆ ಮನಸ್ಸಾಗಲಿಲ್ಲ ಕಣೇ," ಎಂದ ತಲೆ ತಗ್ಗಿಸಿ. "ಉಪ್ಪು ಸ್ವಲ್ಪ ಜಾಸ್ತಿ."

ಅವಳು ಕಣ್ಣು ಮುಚ್ಚಿಕೊಂಡಳು. ಅವಳಿಗೆ ಬೇಕಾಗಿದ್ದದ್ದೂ ಉಪ್ಪು ಜಾಸ್ತಿ ಇರುವುದೇ.