ಮೂರೂವರೆಗೆ ಬಂದು ನಿಂತ ಕಾರು

೧. ಕಣ್ಣಿನ ಆಪರೇಷನ್

ನನ್ನ ಬಲಗಣ್ಣಿನ ಪೊರೆ ತೆಗೆದ ದಿನ ನನ್ನ ಕಾರು ಉಪ್ಸಾಲಾ ನೋಡಲು ಹೋಗಿತ್ತು. ನಾನೂ ಹೆಂಡತಿಯೂ ಆಸ್ಪತ್ರೆಗೆ ಬಸ್ಸಿನಲ್ಲಿ ಹೋದೆವು.

ಮೈಸೂರಿನಿಂದ ಬೀಗಿತ್ತಿ ಬಂದಿದ್ದರು. ಅಳಿಯನ ತಾಯಿ. ಅಳಿಯ ಸ್ಟಾಕ್‌ಹೋಮಿನಲ್ಲಿ ಇರುವವನು, ಅವನಿಗೆ ಸ್ವಂತ ಕಾರಿಲ್ಲ. ಟ್ರೈನಿದೆ, ಬಸ್ಸಿದೆ, ನಾವಿರುವ ಸ್ಯಾಂಡ್‌ವಿಕೆನ್‌ನಲ್ಲಿ ಮಾವನ ಕಾರಿದೆ. ತಾಯಿಗೆ ಉಪ್ಸಾಲಾದ ದೊಡ್ಡ ಚರ್ಚು ತೋರಿಸಬೇಕೆಂದ. ಆಪರೇಷನ್ ದಿನ ನನಗೆ ಹೇಗೂ ಕಾರು ಓಡಿಸುವಂತಿಲ್ಲ ಎಂದು ಅವನೇ ನನಗೆ ವಿವರಿಸಿದ. ಅಷ್ಟು ಕಾಳಜಿ.

ಸಂಜೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದೆ. ಬೀಗಿತ್ತಿ ಇನ್ನೊಂದು ಕಣ್ಣಿಗೆ ಚರ್ಚಿನ ಎಂಬತ್ತು ಫೋಟೋ ತೋರಿಸಿದರು.

೨. ಕುಂಕುಮದ ಪೊಟ್ಟಣ

ಮೂರು ವಾರದ ಮೇಲೆ ಒಂದು ಖಾಸಗಿ ಪಾರ್ಕಿಂಗ್ ಕಂಪನಿಯಿಂದ ಕಾಗದ ಬಂತು. ಉಪ್ಸಾಲಾದ ಅಂಗಡಿಯೊಂದರ ಜಾಗದಲ್ಲಿ ನಿಮ್ಮ ಕಾರು ನಿಯಮ ಮೀರಿ ನಿಂತಿತ್ತು, ಗಾಜಿಗೆ ಸಿಕ್ಕಿಸಿದ ಚೀಟಿಯ ಹಣ ನೀವು ಕಟ್ಟಿಲ್ಲ, ಇದು ಜ್ಞಾಪನೆ. ಹೆಸರು ನನ್ನದು. ಕಾರು ಯಾರ ಹೆಸರಿನಲ್ಲಿದೆಯೋ ಅವರಿಗೇ ಬರುತ್ತದೆ.

ಅಳಿಯನಿಗೆ ಫೋನ್ ಮಾಡಿದೆ. ಯಾವ ಚೀಟಿ ಮಾವ, ನಾನು ನೋಡೇ ಇಲ್ಲ ಅಂದ. ದನಿ ಕೇಳಿದರೆ ನಿಜವೇ ಅನ್ನಿಸಿತು.

ಕಾರಿನ ಮುಂದಿನ ಡಬ್ಬಿ ತೆಗೆದು ನೋಡಿದೆ. ಚೀಟಿ ಅಲ್ಲೇ ಇತ್ತು. ಅಚ್ಚುಕಟ್ಟಾಗಿ ಮಡಚಿತ್ತು. ಒಳಗೆ ಕುಂಕುಮ. ವಾಪಸು ಹೊರಡುವ ಮುಂಚೆ ಅಳಿಯ ಕಾಫಿ ತರಲು ಹೋಗಿದ್ದಾಗ ಬೀಗಿತ್ತಿ ಕಾರಿಗೆ ಕುಂಕುಮ ಇಟ್ಟಿದ್ದಾರೆ. ಉಳಿದದ್ದನ್ನು ಕಟ್ಟಲು ಕಾಗದ ಬೇಕಿತ್ತು. ಗಾಜಿನ ಮೇಲೇ ಯಾರೋ ಇಟ್ಟು ಹೋಗಿದ್ದರು.

೩. ಫೋಟೋ

ಆ ಜಾಗದಲ್ಲಿ ಎರಡು ಗಂಟೆ ಪುಕ್ಕಟೆ. ಗಡಿಯಾರದ ಮುಖವಿರುವ ಒಂದು ರಟ್ಟಿನ ಡಿಸ್ಕ್ ಇರುತ್ತದೆ. ಬಂದ ಹೊತ್ತಿನ ಮುಂದಿನ ಅರ್ಧ ಗಂಟೆಗೆ ಮುಳ್ಳು ತಿರುಗಿಸಿ ಗಾಜಿನ ಹಿಂದೆ ಇಡಬೇಕು. ಮಕ್ಕಳೂ ಮಾಡಬಹುದಾದ ಕೆಲಸ. ಅಳಿಯ ಇಂಜಿನಿಯರ್.

ಕಂಪನಿಯ ವೆಬ್‌ಸೈಟಿನಲ್ಲಿ ಕಾರಿನ ನಂಬರ್ ಹಾಕಿದರೆ ಫೋಟೋ ತೋರಿಸುತ್ತದೆ. ಬುಧವಾರ ಮಧ್ಯಾಹ್ನ ಎರಡಕ್ಕೆ ತೆಗೆದ ಫೋಟೋ. ಡಿಸ್ಕಿನಲ್ಲಿ ಮೂರೂವರೆ. ಅಂದರೆ ಇನ್ನೂ ಒಂದೂವರೆ ಗಂಟೆ ಬಿಟ್ಟು ಬರಬೇಕಾದ ನನ್ನ ಕಾರು ಆಗಲೇ ಬಂದು ನಿಂತಿತ್ತು.

ಶನಿವಾರ ಅಳಿಯ ಬಂದ. ಫೋಟೋ ನೋಡಿ ಪೆಚ್ಚಾದ. ನಾನು ಒಂದೂವರೆಗೆ ಸರಿಯಾಗೇ ತಿರುಗಿಸಿದ್ದೆ ಮಾವ ಅಂದ. ಆಮೇಲೆ ಇಬ್ಬರೂ ಅಡುಗೆಮನೆಯ ಕಡೆ ನೋಡಿದೆವು. ಒಳಗೆ ಬೀಗಿತ್ತಿ ಚಟ್ನಿಪುಡಿ ಮಾಡುತ್ತಿದ್ದರು.

ನನ್ನ ಹೆಂಡತಿ ಬಾಗಿಲು ಮುಚ್ಚಿದಳು. "ರೀ, ಒಂದು ಮಾತು ಬಾಯಿಂದ ಬಂದ್ರೆ ನೋಡಿ. ಬೀಗರ ಮೇಲೆ ತಪ್ಪು ಹೊರಿಸಿದರೆ ಮಗಳು ಮೈಸೂರಿಗೆ ಹೇಗೆ ಹೋಗ್ತಾಳೆ? ಕಟ್ಟಿ ಸುಮ್ಮನಿರಿ."

"ನಾನು ನಿಲ್ಲಿಸಿಲ್ಲ" ಅಂದೆ.

ಅಳಿಯ ತನ್ನ ಹೆಸರು ಕೊಡಿ ಅಂದ. ಅವನ ಹೆಸರು ಕೊಟ್ಟರೆ ಮೂರೂವರೆ ಹೇಗೆ ಬಂತೆಂದು ಕೇಳುತ್ತಾರೆ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ತಾಯಿಯ ಹೆಸರು ಹೇಳುತ್ತಾನೆ. ಹಾಗಾಗಿ ಕಟ್ಟುವಂತಿಲ್ಲ, ಹೇಳುವಂತಿಲ್ಲ. ಕಟ್ಟಬಾರದೆಂಬುದು ನನ್ನ ಹಟ. ಹೇಳಬಾರದೆಂಬುದು ಮನೆಯವಳ ಆಜ್ಞೆ.

೪. ಫೋನು

ಕಂಪನಿಗೆ ಒಂದು ಸಾಲು ಬರೆದು ಕಳಿಸಿದೆ: ಕಾರು ನನ್ನದು, ನಿಲ್ಲಿಸಿದವನು ನಾನಲ್ಲ.

ಅವರು ಎರಡು ಪುಟ ಬರೆದರು. ಬೇರೆ ಯಾರೋ ನಿಲ್ಲಿಸಿದರೆಂದು ನಂಬುವಂತೆ ತೋರಿಸದಿದ್ದರೆ ಮಾಲೀಕರೇ ನಿಲ್ಲಿಸಿದ್ದು ಎಂದು ಲೆಕ್ಕವಂತೆ. ಆಸ್ಪತ್ರೆಯ ಕಾಗದ ಕಳಿಸಿದೆ. ಬುಧವಾರ ಎರಡು ಗಂಟೆಗೆ ನಾನು ನೂರು ಕಿಲೋಮೀಟರ್ ದೂರದಲ್ಲಿ ಮಲಗಿದ್ದೆ, ಒಬ್ಬ ವೈದ್ಯೆ ನನ್ನ ಕಣ್ಣಿನೊಳಗೆ ಇದ್ದಳು ಎಂಬುದಕ್ಕೆ ಸಾಕ್ಷಿ.

ಕಂಪನಿಯಿಂದ ಒಬ್ಬ ಫೋನ್ ಮಾಡಿದ. ಸಣ್ಣ ವಯಸ್ಸಿನ ದನಿ, ಬಲು ವಿನಯ.

"ಹಾಗಾದರೆ ನಿಲ್ಲಿಸಿದ್ದು ಯಾರು?"

"ನಾನಲ್ಲ."

"ಯಾರೆಂದು ಗೊತ್ತಾ?"

"ಗೊತ್ತು."

"ಹೇಳುತ್ತೀರಾ?"

"ಇಲ್ಲ."

ಅವನು ಸುಮ್ಮನಾದ. ನಾನೂ ಸುಮ್ಮನಿದ್ದೆ. ಬೇರೆ ದೇಶದಲ್ಲಾದರೆ ಇಷ್ಟು ಹೊತ್ತಿಗೆ ಯಾರಾದರೂ ಮಾತಾಡುತ್ತಿದ್ದರು. ಸ್ವೀಡನ್ನಿನವನು ಅವನು, ನಲವತ್ತು ವರ್ಷದಿಂದ ಇಲ್ಲಿರುವವನು ನಾನು. ಎರಡು ನಿಮಿಷ ಹಾಗೇ ಹೋಯಿತು. ಕೊನೆಗೆ ಅವನೇ ಥ್ಯಾಂಕ್ಸ್ ಹೇಳಿ ಇಟ್ಟ. ಈ ದೇಶದಲ್ಲಿ ನಾನು ಆಡಿದ ಅತಿ ಉದ್ದದ ಸಂಭಾಷಣೆಗಳಲ್ಲಿ ಅದೂ ಒಂದು.

೫. ಲೆಕ್ಕ

ವಾರದ ಮೇಲೆ ಲ್ಯಾಪ್‌ಟಾಪ್ ತೆರೆದು ಆ ಫೋಟೋವನ್ನೇ ನೋಡುತ್ತಿದ್ದೆ. ಹಿಂದೆ ಕಾಫಿ ಹಿಡಿದು ಬೀಗಿತ್ತಿ ನಿಂತಿದ್ದರು. ಮುಚ್ಚುವಷ್ಟರಲ್ಲಿ ನೋಡಿಬಿಟ್ಟರು.

"ಇದು ನಾನು ಇಟ್ಟ ಟೈಮಲ್ವಾ ಬೀಗರೇ?"

ನನ್ನ ಹೆಂಡತಿ ಒಲೆಯ ಮುಂದೆ ನಿಂತಲ್ಲೇ ಕಲ್ಲಾದಳು.

ಬೀಗಿತ್ತಿಗೆ ಮುಜುಗರವೇನೂ ಆಗಲಿಲ್ಲ. ವಿವರಿಸಿದರು. ಬುಧವಾರ ನಮ್ಮೂರಲ್ಲಿ ರಾಹುಕಾಲ ಹನ್ನೆರಡರಿಂದ ಒಂದೂವರೆ. ಆದರೆ ಲೆಕ್ಕ ಹಾಕಬೇಕಾದ್ದು ಸೂರ್ಯ ಹುಟ್ಟಿ ಮುಳುಗುವುದರ ಮೇಲೆ. ಇಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಮೇಲೆ. ಮೊಬೈಲಿನ ಪಂಚಾಂಗ ನೋಡಿದ್ದಾರೆ. ಉಪ್ಸಾಲಾದ ರಾಹುಕಾಲ ಒಂದರ ಹತ್ತಿರ ಹಿಡಿದರೆ ಮೂರೂಕಾಲಿನವರೆಗೂ ಬಿಡುವುದಿಲ್ಲ. ಇಲ್ಲಿ ಎಲ್ಲರೂ ಬೇಸಿಗೆಯಲ್ಲಿ ರಜೆ ಹಾಕುತ್ತಾರೆ, ರಾಹು ಒಬ್ಬ ಓವರ್‌ಟೈಮ್ ಮಾಡುತ್ತಾನೆ.

"ಬಂದದ್ದು ಬಂದಾಯ್ತು. ರಾಹುಕಾಲದಲ್ಲಿ ಬಂದ್ವಿ ಅಂತ ಬರೆದು ಬೇರೆ ಇಡಬೇಕಾ? ಅದಕ್ಕೇ ಮಗ ಇಳಿದ ಕೂಡಲೇ ತಿರುಗಿಸಿದೆ" ಅಂದರು. "ಯಾಕೆ, ಏನಾಯ್ತು?"

ಹೆಂಡತಿ ನನ್ನನ್ನು ನೋಡಿದಳು. ನಾನು ಕಾಫಿ ಕುಡಿದೆ.

"ಏನೂ ಆಗಿಲ್ಲ" ಅಂದೆ.

೬. ತೀರ್ಪು

ಬೀಗಿತ್ತಿ ಹೊರಡುವ ಹಿಂದಿನ ದಿನ ಕಂಪನಿಯ ಕಾಗದ ಬಂತು. ನಿಮ್ಮ ಮೇಲಿನ ಬೇಡಿಕೆ ಕೈಬಿಡಲಾಗಿದೆ. ಕಾರಣ ಬರೆದಿರಲಿಲ್ಲ.

ಹೆಂಡತಿ ಸಂತೋಷ ತಡೆಯಲಾರದೆ ಎಲ್ಲವನ್ನೂ ಬೀಗಿತ್ತಿಗೆ ಹೇಳಿಬಿಟ್ಟಳು. ನನಗೆ ಒಂದು ತಿಂಗಳು ಬಾಯಿ ಮುಚ್ಚಿಸಿದವಳು.

ಬೀಗಿತ್ತಿ ಕಾಗದ ತಿರುಗಿಸಿ ನೋಡಿದರು. ಮಗನನ್ನು ಕರೆದರು. "ನೋಡಿದ್ಯೇನೋ? ನೀನು ಇಟ್ಟಿದ್ದ ಒಂದೂವರೇನೇ ಇದ್ದಿದ್ರೆ ಈ ದಂಡ ನಮ್ಮನ್ನ ಬಿಡ್ತಿತ್ತಾ?"

ನನ್ನ ಒಂದು ಸಾಲಿನ ಕಾಗದ, ಆಸ್ಪತ್ರೆಯ ಸಾಕ್ಷಿ, ಎರಡು ನಿಮಿಷದ ಮೌನ, ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಮರುದಿನ ವಿಮಾನ ಹತ್ತಿಸಿ ಬಂದೆವು. ಎರಡು ದಿನದ ಮೇಲೆ ಹೊಸ ಕಣ್ಣಿನಲ್ಲಿ ನಾನೇ ಕಾರು ಓಡಿಸಿಕೊಂಡು ಉಪ್ಸಾಲಾಗೆ ಹೋದೆ. ಅದೇ ಅಂಗಡಿ. ಡಿಸ್ಕ್ ಹುಡುಕಿದೆ. ಇರಲಿಲ್ಲ. ಕಾರಿನಿಂದಿಳಿದು ಮೈಸೂರಿಗೆ ಫೋನ್ ಮಾಡಿದೆ. ಒಳ್ಳೆಯ ಗಳಿಗೆಯ ವಸ್ತು ಎಂದು ಬೀಗಿತ್ತಿ ಪೆಟ್ಟಿಗೆಯಲ್ಲಿ ತೆಗೆದುಕೊಂಡು ಹೋಗಿದ್ದರು. ಈಗ ದೇವರ ಮನೆಯಲ್ಲಿದೆಯಂತೆ.

ಫೋನ್ ಇಟ್ಟು ತಿರುಗಿದೆ. ಗಾಜಿನ ಮೇಲೆ ಚೀಟಿ ಇತ್ತು. ನಿಲ್ಲಿಸಿದವನು ನಾನು. ಕಟ್ಟಿದೆ.