ಆರು ಮಡಿಲು ಕೆಂಪು ಭತ್ತ

ನಮ್ಮ ದೊಡ್ಡತ್ತೆ ಮನುಷ್ಯರನ್ನು ಕದಿಯುತ್ತಿದ್ದರು. ಹಾಡಹಗಲಿನಲ್ಲಿ, ನಮ್ಮ ಕೊಳ್ಳೇಗಾಲದಲ್ಲಿ ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ, ಹತ್ತು ಜನರ ಕಣ್ಣೆದುರಿಗೇ! ಸುಳ್ಳು ಹೇಳಿದರೆ ಮಾದಪ್ಪ ನನ್ನ ನಾಲಿಗೆಯನ್ನು ನೋಡಿಕೊಳ್ಳಲಿ. ಕದ್ದ ಮಾಲನ್ನು ನೆಟ್ಟಗೆ ನಮ್ಮ ಅಡುಗೆಮನೆಗೇ ತರುತ್ತಿದ್ದರು. ಆ ಮಾಲಿಗೆ ಯಾವಾಗಲೂ ಹಸಿವಾಗಿರುತ್ತಿತ್ತು. ಒಲೆಯ ಮುಂದೆ ಕೂತವಳು ನಾನು. ಕಳ್ಳತನದ ಶಿಕ್ಷೆ ಯಾರಿಗಾಯಿತೆಂದು ಬೇರೆ ಹೇಳಬೇಕೆ?

ದೊಡ್ಡತ್ತೆ ಎಂದರೆ ನಮ್ಮ ಮಾವನವರ ಅಣ್ಣನ ಹೆಂಡತಿ. ಅರವತ್ತರ ಆಸುಪಾಸು. ಹಣೆ ತುಂಬ ವಿಭೂತಿ, ನಡುವೆ ದೊಡ್ಡ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಬಾಯಿಗೆ ಬಿಡುವೆಂಬುದಿಲ್ಲ, ಲಿಂಗಪೂಜೆಯ ಹೊತ್ತಿನಲ್ಲೂ ಶಿವನ ಜೊತೆ ಜೋರಾಗಿಯೇ ಮಾತು. ಅವರಿಗಿದ್ದ ಹುಚ್ಚು ಒಂದೇ: ಊರಿಗೆ ಬಂದ ಹೊಸಬರು. ಆಗ ನಮ್ಮೂರು ಮದರಾಸು ಸರ್ಕಾರಕ್ಕೆ ಸೇರಿತ್ತು. ಮಲೇರಿಯಾ ಜ್ವರದ ಸೀಮೆಯೆಂದು ಹೆಸರು ಕೇಳಿಯೇ ನೌಕರರು ನಡುಗುತ್ತಿದ್ದರು. ವರ್ಗವಾಗಿ ಬಂದವರ ಹೆಂಡಂದಿರು ಬಸ್ಸಿನಿಂದ ಇಳಿಯುವಾಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ರೇಷ್ಮೆ ಮಗ್ಗದ ಕೆಲಸ ಹುಡುಕಿಕೊಂಡು ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ ಬರುವವರು ಬೇರೆ.

ಬಂದವರಲ್ಲಿ ನಿಲ್ಲುವವರು ಯಾರು, ಹೋಗುವವರು ಯಾರು ಎಂದು ದೊಡ್ಡತ್ತೆ ಸಾಮಾನು ನೋಡಿಯೇ ಹೇಳುತ್ತಿದ್ದರು. "ಟ್ರಂಕು ತಂದೋನು ಓಗ್ಬುಡ್ತಾನೆ ಕಣವ್ವ. ಒಳ್ಳುಕಲ್ಲು ತಂದೋರು ಇದ್ಬುಡ್ತಾರೆ. ಕಲ್ಲ ಒತ್ಕಂಡು ಯಾವನಾರ ಸುಮ್ಕೆ ತಿರುಗ್ತಾನಾ?" ಆದರೆ ಒಮ್ಮೊಮ್ಮೆ ಈ ಲೆಕ್ಕಾಚಾರವೂ ಕೈಕೊಡುತ್ತಿತ್ತು. ಹನೂರಿಗೆ ಒರಳುಕಲ್ಲು ಮಾರಲು ಹೊರಟಿದ್ದ ಒಬ್ಬ ಬಡಪಾಯಿ, ನೀರು ಕುಡಿಯಲೆಂದು ಬಸ್ಸಿನಿಂದ ಇಳಿದ. ಇಳಿದದ್ದೇ ತಪ್ಪಾಯಿತು!

"ಅಮ್ಮಾ, ನಾನು ಹನೂರಿಗೆ ಹೋಗೋನು."

"ಉಂಡ್ಬುಟ್ಟು ಓಗಪ್ಪ. ಅನೂರೇನು ಓಡೋಗದಾ?"

ಹನೂರು ಓಡಿಹೋಗಲಿಲ್ಲ, ನಿಜ. ಬಸ್ಸು ಓಡಿಹೋಯಿತು. ದಿನಕ್ಕೆ ಇದ್ದದ್ದು ಅದೊಂದೇ ಬಸ್ಸು. ಆ ಮನುಷ್ಯ ಮರುದಿನದವರೆಗೆ ನಮ್ಮ ಜಗಲಿಯ ಮೇಲೆ ಕೂತು, ಮನಸ್ಸು ತಡೆಯದೆ ನಮ್ಮನೆಯ ಹಳೇ ಬೀಸುವ ಕಲ್ಲಿಗೆ ಉಳಿಯಿಂದ ಹೊಸದಾಗಿ ಮುಳ್ಳು ಹೊಡೆದುಕೊಟ್ಟ. ಎಷ್ಟು ತಿಂಗಳಿಂದ ಅದಕ್ಕೊಬ್ಬನನ್ನು ಹುಡುಕುತ್ತಿದ್ದೆವು! ಶಿವ ಯಾರ ರೂಪದಲ್ಲಿ ಬರುತ್ತಾನೆಂದು ಯಾರಿಗೆ ಗೊತ್ತು?

ಹೊಸಬರ ಮನೆಯಲ್ಲಿ ಮೊದಲ ಒಲೆ ಬೆಂಕಿಕಡ್ಡಿಯಿಂದ ಹತ್ತಬಾರದು ಎಂಬುದು ದೊಡ್ಡತ್ತೆಯ ಕಾನೂನು. ಬೆಂಕಿಕಡ್ಡಿ ಅಂಗಡಿಯದು, ಕೆಂಡ ಮನೆಯದು. ಆದ್ದರಿಂದ ಯಾರೇ ಬಾಡಿಗೆಗೆ ಬರಲಿ, ನಮ್ಮ ಒಲೆಯ ಕೆಂಡವನ್ನು ತೆಂಗಿನ ಚಿಪ್ಪಿನಲ್ಲಿ ಬೂದಿ ಹಾಸಿ ಇಟ್ಟುಕೊಂಡು, ಬೀದಿಯುದ್ದಕ್ಕೂ ಊದುತ್ತ ಹೊರಡುವರು. ಒಂದು ಸಲ ಪೇಟೆ ಬೀದಿಯ ಮೂಲೆಮನೆಗೆ ಒಂದು ಸಂಸಾರ ಬಂದಿದೆಯೆಂದು ತಿಳಿಯಿತು. ಬಂದವರು ಯಾರು, ಏನು ಕಸುಬು ಎಂದು ಕೇಳುವಷ್ಟು ತಾಳ್ಮೆ ಅವರಿಗೆಲ್ಲಿ? ಕೆಂಡ ಹಿಡಿದು ನೇರವಾಗಿ ನಡುಮನೆಗೇ ನುಗ್ಗಿದರು. ಒಳಗಿದ್ದ ಗಂಡಸು ಒಂದೇ ನೆಗೆತಕ್ಕೆ ಕಿಟಕಿ ಹತ್ತಿ ನಿಂತ.

"ಅಮ್ಮಾ! ಹಿಂದಕ್ಕೆ! ದಮ್ಮಯ್ಯ, ಹಿಂದಕ್ಕೆ ಹೋಗಿ!"

ದೊಡ್ಡತ್ತೆ ಸುತ್ತ ನೋಡಿದರು. ಗೋಡೆಯಿಂದ ಗೋಡೆಗೆ ಸೀಮೆಎಣ್ಣೆ ಡಬ್ಬಗಳು. ಅವನು ಹೊಸ ಸೀಮೆಎಣ್ಣೆ ಡಿಪೋದವನು!

"ಮೊದ್ಲೇ ಯೋಳ್ಬಾರ್ದಾ? ಬಾ, ಒಲೆ ಇತ್ಲಲ್ಲೇ ಊಡುವ," ಎಂದು ಏನೂ ಆಗದವರಂತೆ ಕೆಂಡ ಊದಿಕೊಂಡೇ ಹಿತ್ತಿಲಿಗೆ ನಡೆದರಂತೆ. ಅವತ್ತು ಗಾಳಿ ಇರಲಿಲ್ಲ. ಆ ಒಂದು ದಯೆಗಾಗಿ ನಾನು ಮಾದಪ್ಪನಿಗೆ ಇಂದಿಗೂ ಸೋಮವಾರದ ಒಪ್ಪತ್ತು ನಡೆಸುತ್ತಿದ್ದೇನೆ.

ಮಂಗಳವಾರ ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಪರಸ್ಥಳದ ಹೆಂಗಸರೆಲ್ಲ ಸೇರಬೇಕು. ಇದು ಎರಡನೆಯ ಕಾನೂನು. ಒಬ್ಬೊಬ್ಬರು ತಮ್ಮೂರಿನ ಒಂದು ಹಾಡು, ಒಂದು ರಂಗೋಲಿ, ಒಂದು ತಿಂಡಿ ಕಲಿಸಬೇಕು. ಬದಲಿಗೆ ದೊಡ್ಡತ್ತೆ ಮಾದಪ್ಪನ ಪದ ಹೇಳಿಕೊಡುವರು. ನಮ್ಮ ಯಜಮಾನರು ಅಂಗಡಿಯಿಂದ ಬರುವಾಗ ಬಾಗಿಲಲ್ಲೇ ನಿಂತು, "ಇವತ್ತು ನಮ್ಮನೇಲಿ ಕನ್ನಡ ಗೊತ್ತಿರೋರು ಯಾರಾದರೂ ಇದ್ದೀರಾ?" ಎಂದು ಕೂಗಿ ಒಳಗೆ ಬರುತ್ತಿದ್ದರು.

ಹೀಗೆ ದೊಡ್ಡತ್ತೆ ಮಗ್ಗದವರ ಮನೆಯ ತೆಲುಗು ಅಜ್ಜಿಯಿಂದ ಒಂದು ಹಾಡು ಕಲಿತರು. ಎಂಥ ರಾಗ ಅಂತೀರಿ! ಕೇಳಿದರೆ ಕರುಳು ಹಿಂಡಬೇಕು. ಅರ್ಥವೇನೆಂದು ನಾನು ಕೇಳಿದೆ. "ಅರ್ತ ಯಾಕವ್ವ? ರಾಗ ಸಾಲ್ದಾ?" ಎಂದರು. ಮುಳ್ಳೂರಿನ ನೆಂಟರ ಮದುವೆಯಲ್ಲಿ, ಗಂಡುಹೆಣ್ಣನ್ನು ಹಸೆಯ ಮೇಲೆ ಕೂರಿಸಿ ಆರತಿ ಎತ್ತುವಾಗ, ಅದನ್ನೇ ಹನ್ನೆರಡು ನುಡಿಯೂ ಬಿಡದೆ ಹಾಡಿದರು. ಜೊತೆಗೆ ಬಂದಿದ್ದ ತೆಲುಗು ಅಜ್ಜಿ ಕಂಬ ತಬ್ಬಿಕೊಂಡು ಗೊಳೋ ಎಂದು ಅತ್ತಿತು.

"ನೋಡ್ದಾ, ಎಂಗೆ ಆಡಿದೆ!" ಎಂದು ದೊಡ್ಡತ್ತೆ ನನಗೆ ಮೊಣಕೈಯಲ್ಲಿ ತಿವಿದರು.

ಅಜ್ಜಿ ಮೂಗೊರೆಸಿಕೊಂಡು ಹೇಳಿತು, "ಅಯ್ಯೋ ತಾಯಿ, ಅದು ನಮ್ಮ ಕಡೆ ಹೆಣದ ಮುಂದೆ ಹಾಡೋದು."

ಆ ದಂಪತಿಗೆ ಈಗ ಐದು ಮಕ್ಕಳು, ಐದೂ ಗುಂಡುಕಲ್ಲಿನಂತಿವೆ. ಕೆಟ್ಟ ಹಾಡಿನ ಅರ್ಥ ಶಿವನಿಗೂ ಗೊತ್ತಾಗದಿದ್ದುದು ಅವರ ಪುಣ್ಯ!

ಇಷ್ಟೆಲ್ಲ ನಗುವಿನ ಮಾತಾಯಿತು. ನಗು ಬರದ ಒಂದು ಮಳೆಗಾಲವೂ ಇತ್ತು.

ಆ ವರ್ಷ ತಾಲ್ಲೂಕು ಕಚೇರಿಗೆ ಮಂಗಳೂರಿನ ಕಡೆಯ ಗುಮಾಸ್ತರೊಬ್ಬರು ಬಂದರು. ಮಂಗಳೂರೂ ಆಗ ಮದರಾಸಿಗೇ ಸೇರಿದ್ದು. ಕನ್ನಡ ಬಲ್ಲವರೆಂದು ಅವರನ್ನು ಇಲ್ಲಿಗೆ ಹಾಕಿದ್ದರಂತೆ. ಜೊತೆಗೆ ಹದಿನೆಂಟು ವರ್ಷದ ಹೆಂಡತಿ, ನಾಲ್ಕು ತಿಂಗಳ ಬಸುರಿ. ಆ ಹುಡುಗಿ ಬಾಯಿ ಬಿಟ್ಟರೆ ಅಚ್ಚು ಹಾಕಿದಂಥ ಕನ್ನಡ. "ತಾವು ಕುಳಿತುಕೊಳ್ಳಿ, ನನಗೆ ಹಸಿವಿಲ್ಲ," ಎಂದಳು. ದೊಡ್ಡತ್ತೆ ಬೆರಗಾಗಿ, "ಬುಕ್ಕು ಮಾತಾಡ್ದಂಗದೆ ಕಣವ್ವ!" ಎಂದು ನನ್ನ ಕಿವಿಯಲ್ಲಿ ಹೇಳಿದರು. ಕಿವಿಯಲ್ಲಿ ಎಂದರೆ ಬೀದಿಗೆಲ್ಲ ಕೇಳುವ ಹಾಗೆ.

ಹಸಿವಿಲ್ಲ ಎಂದದ್ದು ಮೊದಲ ದಿನದ ಉಪಚಾರದ ಮಾತೆಂದುಕೊಂಡೆವು. ಅಲ್ಲ. ಆಕೆಗೆ ನಮ್ಮ ಮುದ್ದೆ ಗಂಟಲಲ್ಲಿ ಇಳಿಯದು. ನಮ್ಮ ಬಿಳಿ ಅನ್ನ ಕಂಡರೆ ವಾಂತಿ. ತಿಂಗಳೊಪ್ಪತ್ತಿನಲ್ಲಿ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಇಂಗೇ ಉಪಾಸ ಬಿದ್ರೆ ಎರಡು ಜೀವನೂ ನಾ ಉಳ್ಸಾಕಾಗಲ್ಲ," ಎಂದಳು. ತವರಿಗೆ ಕಳಿಸೋಣವೆಂದರೆ ಘಟ್ಟದಲ್ಲಿ ಮಳೆ ಹೊಡೆದು ದಾರಿ ಕುಸಿದಿತ್ತು. ಗಂಡನಿಗೆ ರಜೆಯಿಲ್ಲ. ತಾಯಿಗೆ ಬರೆದ ಕಾಗದಕ್ಕೆ ಉತ್ತರವೂ ಬಂದಿರಲಿಲ್ಲ.

ದೊಡ್ಡತ್ತೆ ಆಕೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. "ಬಯಕೆ ಅಂತ ಒಂದಿರ್ತದಲ್ಲವ್ವ. ಏನು ಬೇಕು, ಬಾಯ್ಬುಟ್ಟು ಯೋಳು."

ಹುಡುಗಿ ತಲೆ ತಗ್ಗಿಸಿ ಹೇಳಿದಳು, "ಕೆಂಪು ಕುಚ್ಚಲಕ್ಕಿ ಗಂಜಿ... ಮತ್ತೆ, ಒಂದು ತುಂಡು ಒಣಮೀನು ಸುಟ್ಟದ್ದು."

ನಾನು ಕೈಯಲ್ಲಿದ್ದ ಪಾತ್ರೆ ಬಿಟ್ಟೆ. ನಮ್ಮದು ಲಿಂಗ ಕಟ್ಟಿದ ಮನೆ! ದೊಡ್ಡತ್ತೆ ಮಾತ್ರ ಅಲುಗಾಡಲಿಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿ ಶಿವಶಿವಾ ಅಂದು, ಕಣ್ಣು ತೆರೆದು ಹೇಳಿದರು, "ವಯಸ್ಸಾಯ್ತು ಮಗಾ. ನಂಗೆ ಮೊದಲ್ನೇದಷ್ಟೇ ಕೇಳುಸ್ತು."

ಮೊದಲನೆಯದೇ ಸುಲಭವಿತ್ತೇ? ಅದು ಕಂಟ್ರೋಲಿನ ಕಾಲ. ರೇಷನ್ನಿನಲ್ಲಿ ಕೊಟ್ಟ ನುಚ್ಚನ್ನೇ ಕಣ್ಣಿಗೊತ್ತಿಕೊಂಡು ತರುತ್ತಿದ್ದೆವು. ದೊಡ್ಡತ್ತೆ ಮೊದಲು ಬಿಳಿ ಅನ್ನದ ಗಂಜಿಗೆ ರಾಗಿ ಹಿಟ್ಟು ಕದಡಿ, "ಕೆಂಪಾಯ್ತಲ್ಲ!" ಎಂದು ತಂದಿಟ್ಟರು. ಹುಡುಗಿ ನೋಡಿದಳು, ಎದ್ದು ಹಿತ್ತಿಲಿಗೆ ಓಡಿದಳು.

ಆಗ ನನಗೆ ನೆನಪಾದದ್ದು ನನ್ನ ತವರು. ಯಳಂದೂರಿನ ಹತ್ತಿರದ ಅಗರ. ಅಲ್ಲಿ ನಮ್ಮಪ್ಪನ ಗದ್ದೆಯಲ್ಲಿ ಒಂದು ಮಡಿ ಕೆಂಪು ಭತ್ತ ಇರುತ್ತಿತ್ತು. ಗಾಡಿಯಲ್ಲಿ ಹೊರಟರೆ ಅರ್ಧ ದಿನದ ದಾರಿ. ಆದರೆ ಯಳಂದೂರು ಮೈಸೂರು ಸರ್ಕಾರದ್ದು, ಕೊಳ್ಳೇಗಾಲ ಮದರಾಸಿನದು! ನಡುವೆ ಚೌಕಿ. ಒಂದು ಮೂಟೆ ಭತ್ತ ದಾಟಿಸಿದರೆ ಗಾಡಿ, ಎತ್ತು, ಭತ್ತ ಮೂರೂ ಜಪ್ತಿ.

ದೊಡ್ಡತ್ತೆ ಒಂದು ದಿನವೆಲ್ಲ ಮಾತಾಡಲಿಲ್ಲ. ಮನೆಯವರೆಲ್ಲ ಅವರಿಗೆ ಜ್ವರವೆಂದೇ ತಿಳಿದರು. ಮರುದಿನ ಎದ್ದು ಕೇಳಿದರು, "ತವರಿಂದ ಓಗೋ ಎಣ್ಮಗಳ ಮಡ್ಲ ಯಾವ ಸರ್ಕಾರ್ದೋನಾರ ಬಿಚ್ಚುಸ್ತಾನಾ?"

ಒಂದು ಮಡಿಲು ಭತ್ತ ಬಸುರಿಗೆ ಎಷ್ಟು ದಿನಕ್ಕೆ ಬಂದೀತು? ಆದ್ದರಿಂದ ಮಂಗಳವಾರದ ಜಗಲಿಯಿಂದ ನಾಲ್ವರನ್ನು ಎಬ್ಬಿಸಿದರು: ತೆಲುಗು ಅಜ್ಜಿ, ಮಗ್ಗದ ತಮಿಳು ಹೆಂಗಸು, ಡಿಪೋದವನ ಹೆಂಡತಿ, ಸ್ಕೂಲ್ ಮೇಷ್ಟ್ರ ಹೆಂಡತಿ. ಅವರೊಡನೆ ನಾನು, ದೊಡ್ಡತ್ತೆ. ಕಮಾನು ಗಾಡಿಯಲ್ಲಿ ಅಗರಕ್ಕೆ ಹೋದೆವು. ನಮ್ಮಮ್ಮ ವಿಷಯ ಕೇಳಿ, ಎರಡನೇ ಮಾತಾಡದೆ ಕಣಜಕ್ಕೆ ಕೈ ಹಾಕಿದರು. ಆದರೆ ಕಳ್ಳಮಾಲಿನ ಹಾಗೆ ತುಂಬಿಸಲು ಒಪ್ಪಲಿಲ್ಲ. "ಮಡ್ಲು ಅಂದ್ಮೇಲೆ ಮಡ್ಲೇ," ಎಂದು ಆರು ಮಣೆ ಹಾಕಿ, ಆರು ಜನಕ್ಕೂ ಅರಿಸಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಎಲೆ ಅಡಿಕೆ ಬೆಲ್ಲದ ಅಚ್ಚಿಟ್ಟು, ಸೆರಗು ಒಡ್ಡಿಸಿ ತುಂಬಿದರು. ಮಡಿಲಿಗೆ ಅಕ್ಕಿ ಹಾಕುವುದುಂಟು. ಭತ್ತ ಹಾಕಿದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ? ತಮಿಳು ಹೆಂಗಸು ತವರು ಬಿಟ್ಟು ಹನ್ನೊಂದು ವರ್ಷವಾಗಿತ್ತಂತೆ. ಮಣೆಯಿಂದ ಏಳಲೇ ಒಲ್ಲಳು.

ಚೌಕಿಯಲ್ಲಿ ಕಾವಲಿನವನು ಗಾಡಿ ನಿಲ್ಲಿಸಿ ಒಳಗೆ ಇಣುಕಿದ. ಆರು ಹೆಂಗಸರು, ಆರೂ ಜನ ತುಂಬಿದ ಸೆರಗನ್ನು ಎರಡು ಕೈಯಲ್ಲಿ ಅಪ್ಪಿ ಕೂತಿದ್ದೇವೆ. ನಾನು ಒಳಗೇ ಮಾದಪ್ಪನನ್ನು ಕರೆಯುತ್ತಿದ್ದೆ. ಸ್ವಾಮೀ, ಇದು ಕಳ್ಳತನವೋ ಮಡಿಲೋ ನೀನೇ ತೀರ್ಮಾನ ಮಾಡು, ಆದರೆ ಕೊಳ್ಳೇಗಾಲ ಮುಟ್ಟಿದ ಮೇಲೆ ಮಾಡು!

"ಏನಮ್ಮ ಅದು?"

"ಮಡ್ಲು ಕಣಪ್ಪ. ತವರಿಂದು."

"ಆರು ಜನರದ್ದೂ?"

"ಊಂ, ಆರು ಜನದ್ದೂ. ಒಂದೇ ತವರು."

ಅವನು ತೆಲುಗು ಅಜ್ಜಿಯನ್ನು ಏನೋ ಕೇಳಿದ; ಅಜ್ಜಿ ತೆಲುಗಿನಲ್ಲಿ ಉತ್ತರ ಕೊಟ್ಟಿತು. ಪಕ್ಕದವಳನ್ನು ಕೇಳಿದ, ಅವಳದು ತಮಿಳು. ಅವನು ತಲೆ ಕೆರೆದುಕೊಂಡ. "ಒಂದೇ ತವರಿನೋರು ಒಬ್ಬೊಬ್ಬರು ಒಂದೊಂದು ಭಾಷೆ ಆಡ್ತೀರಲ್ರಮ್ಮ?"

"ದೊಡ್ಡ ತವರು ಕಣಪ್ಪ," ಎಂದರು ದೊಡ್ಡತ್ತೆ. ಅಷ್ಟಕ್ಕೇ ಸುಮ್ಮನಿರಬಾರದೇ? "ನಿನ್ ಮಾತು ಈ ಕಡೇದಲ್ವಲ್ಲ! ಯಾವೂರು? ಎಡ್ತಿ ಕರ್ಕಬಂದಿದ್ದೀಯಾ? ಒಲೆ ಊಡ್ಕೊಟ್ಟೋರು ಯಾರು?"

ನನ್ನ ಪ್ರಾಣ ಹಾರಿಹೋಯಿತು. ಆದರೆ ಆ ಮನುಷ್ಯನ ಮುಖ ಮೆತ್ತಗಾಯಿತು. ತುಮಕೂರಿನ ಆಚೆಯವನಂತೆ, ಬಂದು ಎರಡು ತಿಂಗಳಂತೆ, ಹೆಂಡತಿಗೆ ಮಾತಾಡಲು ಯಾರೂ ಇಲ್ಲವಂತೆ. ಗಾಡಿ ಬಿಟ್ಟ. ಮುಂದಿನ ಮಂಗಳವಾರ ನಮ್ಮ ಜಗಲಿಯ ಮೇಲೆ ಅವನ ಹೆಂಡತಿ ಕೂತಿದ್ದಳು! ಗಡಿಯ ಕಾವಲನ್ನೇ ಕದ್ದವರನ್ನು ನೀವು ಏನೆಂದು ಕರೆಯುತ್ತೀರಿ?

ಭತ್ತವೇನೋ ಬಂತು. ಅದನ್ನು ಕುಚ್ಚಲಕ್ಕಿ ಮಾಡುವ ಬಗೆ ನಮಗೆ ಯಾರಿಗೂ ತಿಳಿಯದು. ದೊಡ್ಡತ್ತೆ ನೇರವಾಗಿ ಕುದಿಯುವ ನೀರಿಗೆ ಸುರಿಯಲು ಹೊರಟಾಗ ತಮಿಳು ಹೆಂಗಸು ಅವರ ಕೈಯನ್ನೇ ಹಿಡಿದಳು. "ಅಯ್ಯಯ್ಯೋ, ಇಪ್ಪಡಿ ಅಲ್ಲ ಅಮ್ಮಾ! ನಮ್ಮೂರಲ್ಲಿ ದಿನಾ ಮಾಡೋದು. ನೀವು ಸುಮ್ಮನೆ ಕೂರಿ." ಜೀವಮಾನದಲ್ಲಿ ಮೊದಲ ಸಲ ದೊಡ್ಡತ್ತೆ ತಮ್ಮ ಮನೆಯಲ್ಲೇ ಸುಮ್ಮನೆ ಕೂತರು. ಭತ್ತ ಒಂದು ದಿನ ನೆನೆಯಿತು, ಹಂಡೆಯಲ್ಲಿ ಹೊಟ್ಟು ಬಿರಿಯುವವರೆಗೆ ಬೆಂದಿತು, ಎರಡು ದಿನ ಒಣಗಿತು. ಬೀದಿಗೆಲ್ಲ ಹಸಿ ಗೋಣಿಯಂಥ ವಾಸನೆ. ಬಳಿಕ ಸರದಿಯ ಮೇಲೆ ಒನಕೆ ಹಿಡಿದು ಕುಟ್ಟಿದೆವು. ಕುಟ್ಟುವಾಗ ತೆಲುಗು ಅಜ್ಜಿ ರಾಗ ಎತ್ತಿತು. ಎಲ್ಲರೂ ಒಟ್ಟಿಗೆ, "ಆ ಹಾಡು ಬೇಡ!" ಎಂದು ಕೂಗಿದೆವು.

ಗಂಜಿ ಕಾಯಿಸಿದೆ. ಮೇಲೆ ತುಪ್ಪ ಒಂದಿಷ್ಟು, ಪಕ್ಕದಲ್ಲಿ ಮಾವಿನ ಉಪ್ಪಿನಕಾಯಿ. ಹುಡುಗಿಯನ್ನು ಕರೆತಂದು ಅಡುಗೆಮನೆಯಲ್ಲಿ ಕೂರಿಸಿದೆವು. ಆರು ಜನರೂ ಸುತ್ತ ನಿಂತೆವು. ಹುಡುಗಿ ಬಟ್ಟಲನ್ನು ಮುಖದ ಹತ್ತಿರ ತಂದಳು. ವಾಸನೆ ನೋಡಿದಳು. ಹಾಗೆಯೇ ಕೂತುಬಿಟ್ಟಳು. ಮತ್ತೆ ಓಡುತ್ತಾಳೇನೋ ಎಂದು ನಾನು ಹಿತ್ತಿಲ ಕಡೆಯ ಬಾಗಿಲು ನೋಡಿದೆ.

ಆಗ ದೊಡ್ಡತ್ತೆ ಕೈಯಾಡಿಸಿ ನಮ್ಮನ್ನೆಲ್ಲ ಹೊರಗೆ ನೂಕಿದರು, ಕುರಿ ಅಟ್ಟುವ ಹಾಗೆ. ತಾವೂ ಬಂದು ಬಾಗಿಲು ಮುಂದೆ ಮಾಡಿ, ಗೋಡೆಗೊರಗಿ ನೆಲದ ಮೇಲೆ ಕೂತರು. ನಾನು ಏನೋ ಕೇಳಲು ಹೋದೆ.

"ಸದ್ದು ಮಾಡ್ಬ್ಯಾಡ ಕಣವ್ವ," ಎಂದರು ಪಿಸುಮಾತಿನಲ್ಲಿ. ಅವರಿಗೆ ಪಿಸುಮಾತು ಬರುತ್ತದೆಂದು ಅವತ್ತೇ ಗೊತ್ತಾದದ್ದು. "ಅವ್ರವ್ವನ ತಾವ್ ಕೂತವ್ಳೆ."

ಬಿಸಿಲು ಜಗಲಿಯ ಮೆಟ್ಟಿಲು ಇಳಿಯಿತು. ಆಮೇಲೆ ಒಳಗಿನಿಂದ ಸೊರ್ ಎಂದು ಗಂಜಿ ಹೀರುವ ಸದ್ದು. ಸ್ವಲ್ಪ ಬಿಟ್ಟು ಮತ್ತೆ. ದೊಡ್ಡತ್ತೆ ನನ್ನ ಕೈ ಹಿಡಿದುಕೊಂಡರು. ಒನಕೆ ಹಿಡಿದು ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಬಾಗಿಲು ತೆರೆಯಿತು. ಹುಡುಗಿ ಖಾಲಿ ಬಟ್ಟಲು ಹಿಡಿದು ನಿಂತಿದ್ದಳು. ಕಣ್ಣು ಮೂಗು ಎಲ್ಲ ಕೆಂಪು.

"ಅಮ್ಮಾ, ಇನ್ನು ಸ್ವಲ್ಪ ಉಂಟಾ?"

ದೊಡ್ಡತ್ತೆ ಗೋಡೆ ಹಿಡಿದು ಎದ್ದರು. ಸೆರಗಿನಿಂದ ಮುಖ ಒರೆಸಿಕೊಂಡರು. ಅವರ ಬಾಯಲ್ಲಿ ನಾನು ಅಲ್ಲಿಯವರೆಗೆ ಎಂದೂ ಕೇಳಿರದ ಮಾತಿನಲ್ಲಿ, ಆ ಹುಡುಗಿಯ ಊರಿನವರೇ ಆಡಿದ ಹಾಗೆ, ಹೇಳಿದರು:

"ಉಂಟು ಮಗಳೇ. ಬೇಕಾದಷ್ಟು ಉಂಟು."